ಅಕ್ಕನ ಹೆಬ್ಬೆರಳಿಗೆ ಸಿಕ್ಕ ಗಂಟು

ಮನೆ, ಹಿಂದಿನ ರೂಮು
ಹನ್ನೊಂದನೇ ತಾರೀಖು, ಮಂಗಳವಾರ, ಮಧ್ಯಾಹ್ನ ಮೂರೂಕಾಲು

ಪ್ರೀತಿಯ ಅಕ್ಕಾ,

ಹೇಗಿದೀಯಾ? ಮಂಡಿ ಹೇಗಿದೆ? ಬಲಗೈ ಹೆಬ್ಬೆರಳಿನ ಬುಡ ಬೆಳಿಗ್ಗೆ ಎದ್ದ ತಕ್ಷಣ ಮಡಚೋಕೆ ಬರಲ್ಲ ಅಂತಿದ್ದೆಯಲ್ಲ, ಅದು ಇನ್ನೂ ಹಾಗೇ ಇದೆಯಾ, ಕೆಲಸ ಬದಲಾದ ಮೇಲೆ ಕಮ್ಮಿ ಆಯ್ತಾ? ಸಕ್ಕರೆ ಚೆಕ್ ಮಾಡಿಸಿದ್ಯಾ? ಅಡಿಗೆ ಮಾಡೋಕೆ ಬೇಜಾರು ಅಂತ ಬರೀ ಬ್ರೆಡ್ಡು ತಿಂದು ಮಲಗ್ತಾ ಇಲ್ಲ ತಾನೇ? ನೀನು ಉತ್ತರ ಕೊಡಲ್ಲ, ಗೊತ್ತು. ಆದ್ರೂ ಕೇಳ್ಬೇಕಲ್ಲ. ಕಾಗದ ಅಂದ್ರೆ ಮೊದಲು ಮೇಲ್ಗಡೆ ಊರು, ತಾರೀಖು, ಆಮೇಲೆ ಆರೋಗ್ಯ, ಮಿಕ್ಕಿದ್ದೆಲ್ಲ ಆಮೇಲೆ ಅಂತ ತಲೆ ಮೇಲೆ ಮೊಟಕಿ ಕಲಿಸಿದವಳು ನೀನೇ. ಬರೆಯೋಕೆ ಕೂತರೆ ಹತ್ತು ನಿಮಿಷಕ್ಕೆ ಎಡಗಾಲು ಜೋಮು ಹಿಡಿಯುತ್ತೆ, ಅದಕ್ಕೆ ಅಂಗಾತ ಮಲಗಿ ಫೋನನ್ನ ಎದೆ ಮೇಲೆ ಇಟ್ಕೊಂಡು ಮಾತಾಡ್ತಾ ಇದೀನಿ. ಇದನ್ನೇ ಕಾಗದ ಅಂದ್ಕೋ. ಉದ್ದ ಆಗುತ್ತೆ, ನನ್ನ ಬಾಯಿ ನಿನಗೆ ಗೊತ್ತಿರೋದೇ. ಹೋದ ತಿಂಗಳು ಕಳಿಸಿದ ಮೂರೂ ನೀನು ಕೇಳಿದೀಯ, ನೀಲಿ ಗುರುತು ಬಂತು. ಮೂರರಲ್ಲೂ ಬಿಸಿಲು, ನಲ್ಲಿ ನೀರು, ಮೇಲಿನ ಮನೆಯವರ ಜಗಳ ಅಂತ ಏನೇನೋ ಹರಟಿ ಮುಗಿಸಿಬಿಟ್ಟೆ. ಇವತ್ತು ಹಾಗಾಗಲ್ಲ. ಹಾಗಾದ್ರೆ ಆಮೇಲೆ ಹೇಳೋಕೆ ನಾನು ಇರ್ತೀನೋ ಇಲ್ವೋ.

ಹೆದರ್ಬೇಡ, ನಾಟಕ ಮಾಡ್ತಾ ಇಲ್ಲ. ಶುಕ್ರವಾರ ಬೆಳಿಗ್ಗೆ ಮತ್ತೆ ಆಪರೇಷನ್. ಈ ಸಲ ಮೊದಲು ಹೊಟ್ಟೆ ಕೊಯ್ದು, ಕರುಳನ್ನೆಲ್ಲ ಒಂದು ಪಕ್ಕಕ್ಕೆ ಸರಿಸಿ, ಮುಂದಿನಿಂದ ಬೆನ್ನುಮೂಳೆ ಹತ್ರ ಹೋಗ್ತಾರಂತೆ. ಅಲ್ಲಿ ಕೆಲಸ ಮುಗಿಸಿ ಹೊಲಿಗೆ ಹಾಕಿ, ನನ್ನನ್ನ ಬೋರಲು ಹಾಕಿ, ಹಿಂದಿನಿಂದ ಮುರಿದ ರಾಡು, ಸಡಿಲ ಆದ ಸ್ಕ್ರೂ ಎಲ್ಲ ಕಿತ್ತು ಹೊಸದು ಕೂಡಿಸ್ತಾರೆ. ಆರು ಗಂಟೆ ಹಿಡಿಯುತ್ತೆ. ಒಂದು ದೊಡ್ಡ ರಕ್ತನಾಳ ಅಲ್ಲೇ ಹಾದುಹೋಗುತ್ತಂತೆ, ಅದಕ್ಕೆ ತಾಗಿದ್ರೆ ಕಷ್ಟ ಅಂತ ಡಾಕ್ಟ್ರು ಪೇಪರ್ ಮೇಲೆ ಗೆರೆ ಎಳೆದು ತೋರಿಸಿದ್ರು. ಕಾಲು ಏನಾಗುತ್ತೆ ಅಂತ ಕೇಳಿದೆ. "ವಾಪಸ್ ಬರುತ್ತೆ ಅಂತ ಹೇಳಲ್ಲ, ಇರೋದನ್ನ ಉಳಿಸೋಕೆ ನೋಡ್ತೀನಿ" ಅಂದ್ರು. ಎಡಪಾದ ಈಗಲೂ ಹಾಗೇ, ಒಗೆದು ನೇತುಹಾಕಿದ ಕಾಲುಚೀಲದ ಹಾಗೆ. ಚಪ್ಪಲಿ ಕಳಚಿ ಬಿದ್ರೂ ತಿಳಿಯಲ್ಲ, ಮೂರು ಹೆಜ್ಜೆ ಮುಂದೆ ಹೋದ ಮೇಲೆ ನೆಲದ ಸದ್ದು ಬದಲಾಗಿದ್ದು ಕೇಳಿ ಹಿಂದೆ ತಿರುಗಿ ನೋಡ್ತೀನಿ. ತಿರುಗಿ ನೋಡೋದು ಅಂದ್ರೆ ಇಡೀ ಮೈ ತಿರುಗಿಸ್ಬೇಕು, ಅಲ್ಮೇರಾ ತಿರುಗಿಸಿದ ಹಾಗೆ. ಲಿಫ್ಟ್ ಕಂಪನಿಯವರು ನನ್ನ ಟೂಲ್ ಬ್ಯಾಗನ್ನ ಬೇರೆಯವನಿಗೆ ಕೊಟ್ರು. ಇಪ್ಪತ್ತಾರು ವರ್ಷ ಆ ಬ್ಯಾಗು ನನ್ನ ಹೆಗಲ ಮೇಲಿತ್ತು. ಹೋಗ್ಲಿ ಬಿಡು.

ನಿನ್ನ ಮಸಾಜ್ ಸೆಂಟರಿನ ಯಜಮಾನ್ತಿ ಹೋದ ವಾರ ನನ್ನನ್ನ ನೋಡೋಕೆ ಬಂದಿದ್ರು. ನಿನ್ನ ಸಮಾಚಾರ ನನಗೆ ತಿಳಿಯೋದು ಅವರಿಂದಾನೇ. ಎಂಟು ತಿಂಗಳ ಹಿಂದೆ ಒಂದು ಬೆಳಿಗ್ಗೆ ನೀನು ಏಪ್ರನ್ ಒಗೆದು ಇಸ್ತ್ರಿ ಮಾಡಿ ತಂದು ಮೇಜಿನ ಮೇಲಿಟ್ಟು, ಮೆಟ್ಟಿಲಿಳಿದು ಹೋದೆಯಂತೆ. ಈಗ ಲಾಂಡ್ರಿಯಲ್ಲಿ ಇಸ್ತ್ರಿ ಮಾಡೋ ಬಿಸಿ ರೋಲರಿಗೆ ಚಾದರ ಕೊಡೋ ಕೆಲಸ ಅಂತ. ಅಲ್ಲಿ ಪಕ್ಕದಲ್ಲಿ ನಿಲ್ಲೋ ಹೆಂಗಸು ಒಂದು ದಿನ ಕತ್ತು ಹಿಡಿದುಕೊಂಡಿದೆ, ಚೂರು ಒತ್ತಕ್ಕಾ ಅಂದಿದ್ದಕ್ಕೆ, ನೀನು ಎರಡೂ ಕೈ ಹಿಂದಕ್ಕೆ ಕಟ್ಟಿಕೊಂಡು ಆಚೆ ಹೋಗಿ ಗೋಡೆ ಕಡೆ ಮುಖ ಮಾಡಿ ನಿಂತೆಯಂತೆ. ಯಾರ ಮೈಯನ್ನೂ ಮುಟ್ಟಲ್ವಂತೆ ನೀನು. ಬಸ್ಸಲ್ಲಿ ಮಗು ಕೈ ಚಾಚಿದ್ರೂ ಎತ್ಕೊಳ್ಳಲ್ವಂತೆ. ಇದನ್ನ ಕೇಳಿದ ಮೇಲೆ ನನಗೆ ಅನ್ನ ಇಳೀತಾ ಇಲ್ಲ ಅಕ್ಕಾ. ಮೂವತ್ತೆರಡು ವರ್ಷ ಆ ಕೈ ಎಷ್ಟು ಜನರ ಬೆನ್ನು ನೀವಿತು. ಆ ದರ್ಜಿ ಹೆಂಗಸು, ಬಲಗೈ ಮೇಲೆತ್ತೋಕೆ ಆಗದೆ ಅಳ್ತಿದ್ಳಲ್ಲ, ಅವಳು ಈಗಲೂ ಸೆಂಟರಿಗೆ ಬಂದು "ಆಯಮ್ಮ ಯಾವಾಗ ಬರ್ತಾಳೆ, ಆ ಕೈಗೆ ಕಣ್ಣಿತ್ತು" ಅಂತ ಕೇಳಿ ಹಾಗೇ ವಾಪಸ್ ಹೋಗ್ತಾಳಂತೆ. ಬೇರೆಯವರ ಕೈಲಿ ಮಾಡಿಸ್ಕೊಳ್ಳಲ್ವಂತೆ.

ಅಮ್ಮ ಹೋದಾಗ ನನಗೆ ಏಳು, ನಿನಗೆ ಹದಿನೈದು. ಸ್ಕೂಲಿಂದ ಬಂದು ಕಾಲು ನೋವು ಅಂದ್ರೆ ನೀನೇ ಒತ್ತುತಿದ್ದೆ. ಮೊದಲು ಕೈ ಸುಮ್ನೆ ಇಟ್ಟು ಕಣ್ಣು ಮುಚ್ಚಿ ಕೂರ್ತಿದ್ದೆ. ಏನಕ್ಕಾ ಮಲಗಿಬಿಟ್ಯಾ ಅಂತ ನಾನು ರೇಗಿಸ್ತಿದ್ದೆ. "ಸುಮ್ನಿರೋ ಕಡ್ಡಿ, ಕೇಳಿಸ್ಕೋತಾ ಇದೀನಿ" ಅಂತಿದ್ದೆ. ಆಮೇಲೆ ಶುರು, "ಮೈ ಬಿಡು, ಮೈ ಬಿಡು, ಇನ್ನೂ ಬಿಡು." ಆ ಮಾತಿಗೇ ಅರ್ಧ ನೋವು ಹೋಗ್ತಿತ್ತು. ಮುಂದೆ ನೀನು ಅದನ್ನೇ ಕಸುಬು ಮಾಡ್ಕೊಂಡಾಗ ನಿನ್ನ ಪಾಠ ಎಲ್ಲ ನನಗೆ ಬಾಯಿಪಾಠ ಆಗಿತ್ತು. ಬೆರಳಿಗೆ ಗಟ್ಟಿ ಸಿಕ್ಕಿದ್ದೆಲ್ಲ ಗಂಟು. ಗಂಟು ಅಂದ ಮೇಲೆ ಬಿಡಲೇಬೇಕು. ಮೆತ್ತಗೆ ಕೇಳಿದ್ರೆ ಬಿಡಲಿಲ್ವಾ, ಹೆಬ್ಬೆರಳು. ಅದಕ್ಕೂ ಬಿಡಲಿಲ್ವಾ, ಮೊಣಕೈ. ಮೈಯಲ್ಲಿ ಬಿಡದೇ ಇರೋ ಗಂಟು ಅನ್ನೋದೇ ಇಲ್ಲ ಅಂತಿದ್ದೆ. ಹಾಗಿದ್ದವಳ ಕೈಗೆ ನಾನು ಎಂಥಾ ಬೆನ್ನು ಕೊಟ್ಟೆ.

ಒಂದ್ನಿಮಿಷ ಇರು, ಮಗ್ಗುಲು ಬದಲಾಯಿಸ್ತೀನಿ. ಮರದ ದಿಮ್ಮಿ ಉರುಳಿಸಿದ ಹಾಗೆ ಒಟ್ಟಿಗೇ ಹೊರಳಬೇಕು. ಹಾಂ, ಆಯ್ತು.

ಮೊದಲನೇ ಆಪರೇಷನ್ ಆದಾಗ ಏನು ಮಾಡಿದ್ರು ಅಂತ ನಿನಗೆ ಸರಿಯಾಗಿ ಹೇಳಲೇ ಇಲ್ಲ ನಾನು. ಸೊಂಟದ ಹತ್ರ ಒಂದು ಮೂಳೆ ಜಾರಿ ಕೆಳಗಿನದರ ಮೇಲೆ ಕೂತಿತ್ತು. ಎರಡನ್ನೂ ಸೇರಿಸಿ ಒಂದೇ ಮೂಳೆ ಮಾಡೋಕೆ ನಾಲ್ಕು ಸ್ಕ್ರೂ, ಎರಡು ರಾಡು ಹಾಕಿದ್ರು. ನಮ್ಮ ಕೆಲಸದ ಭಾಷೇಲಿ ಹೇಳ್ತೀನಿ ಕೇಳು. ಲಿಫ್ಟಿನ ಕಂಬಿ ಗೋಡೆಗೆ ಹಿಡಿಸೋವಾಗ ಬೋಲ್ಟ್ ಹಾಕಿ ಕಾಂಕ್ರೀಟ್ ತುಂಬ್ತೀವಿ. ಬೋಲ್ಟು ಹಿಡಿದಿರೋದು ಕಾಂಕ್ರೀಟ್ ಗಟ್ಟಿ ಆಗೋವರೆಗೆ ಮಾತ್ರ, ಆಮೇಲೆ ಭಾರ ಹೊರೋದು ಗೋಡೆ. ಬೆನ್ನಲ್ಲೂ ಅಷ್ಟೇ. ಸ್ಕ್ರೂ ಇರೋದು ಮೂಳೆ ಮೂಳೆಗೆ ಬೆಸೆಯೋವರೆಗೆ. ಅದಕ್ಕೆ ಒಂದು ವರ್ಷನೂ ಹಿಡಿಯಬಹುದು. ನಾಲ್ಕು ತಿಂಗಳಾದ ಮೇಲೆ, ವ್ಯಾಯಾಮ ಹೇಳಿಕೊಡೋ ಫಿಸಿಯೋ ಮೇಡಂ ಹತ್ರ ನಾನು ಕೇಳಿದೆ, ನಮ್ಮಕ್ಕ ಮಸಾಜ್ ಮಾಡ್ತಾಳೆ, ಮಾಡಿಸ್ಕೋಬಹುದಾ ಅಂತ. ಆಯಮ್ಮ ಹೇಳಿದ್ದು ಅಕ್ಷರಕ್ಕೆ ಅಕ್ಷರ ನೆನಪಿದೆ. "ಮಾಡಿಸ್ಕೋಬಹುದು, ಆದ್ರೆ ಕತ್ತು, ಭುಜ, ಕಾಲು ಅಷ್ಟೇ. ಹೊಲಿಗೆ ಗುರುತಿನ ಸುತ್ತ ಒಂದು ಅಂಗೈ ಅಗಲ ಯಾರ ಬೆರಳೂ ಬೀಳಬಾರ್ದು, ಎಕ್ಸ್‌ರೇಯಲ್ಲಿ ಮೂಳೆ ಕೂಡಿದ್ದು ಕಾಣೋ ತನಕ. ನಿಮ್ಮಕ್ಕನಿಗೆ ಇದನ್ನ ಹೇಳಿ, ಇಲ್ಲಾಂದ್ರೆ ನನ್ನ ಹತ್ರ ಫೋನಲ್ಲಿ ಮಾತಾಡಿಸಿ." ನಾನು ನಿನಗೆ ಹೇಳಿದ್ದು ಮೊದಲನೇ ಮಾತು. ಮಾಡಿಸ್ಕೋಬಹುದಂತೆ ಅಕ್ಕಾ. ಅಲ್ಲಿಗೇ ನಿಲ್ಲಿಸಿದೆ. ಆದ್ರೆ ಅನ್ನೋದರಿಂದ ಮುಂದಿನದ್ದು ನನ್ನ ಬಾಯಲ್ಲೇ ಉಳೀತು. ಎಂಟು ತಿಂಗಳಿಂದ ಅಲ್ಲೇ ಇದೆ.

ಯಾಕೆ ಅಂತ ಕೇಳ್ತೀಯ. ನೋವು ಅಕ್ಕಾ. ಆಪರೇಷನ್ ಆಗಿ ಎರಡು ತಿಂಗಳು ಚೆನ್ನಾಗಿತ್ತು. ಮೂರನೇ ತಿಂಗಳಿಂದ ಒಳಗಡೆ ಏನೋ ಕಿರುಗುಟ್ಟಿದ ಹಾಗೆ, ಎದ್ದರೆ ನೋವು, ಕೂತ್ರೆ ನೋವು. ಭುಜ ಕತ್ತು ಒತ್ತಿಸ್ಕೊಂಡು ಏನು ಮಾಡ್ಲಿ? ನೋವಿರೋದು ಸೊಂಟದಲ್ಲಿ. ಡಾಕ್ಟ್ರ ಹತ್ರ ಹೋಗೋಕೆ ಮನಸ್ಸಿರಲಿಲ್ಲ. ನಿನ್ನ ಹೆಬ್ಬೆರಳು ಒಂದು ಸಲ ಬಿದ್ರೆ ಸಾಕು, ಎಲ್ಲ ಸರಿಹೋಗುತ್ತೆ ಅಂತ ಹುಚ್ಚು ನಂಬಿಕೆ.

ಆ ಭಾನುವಾರ ಮಧ್ಯಾಹ್ನ ಇದೇ ಮಂಚ. ಹೊಟ್ಟೆ ಕೆಳಗೆ ದಿಂಬು ಇಟ್ಟೆ ನೀನು. ಎಣ್ಣೆ ಬಾಟಲಿಯನ್ನ ಬಿಸಿನೀರಿನ ಚೊಂಬಲ್ಲಿ ನಿಲ್ಲಿಸಿದ್ದೆ. ಕೈ ಇಟ್ಟು ಎಂದಿಗಿಂತ ತುಂಬಾ ಹೊತ್ತು ಕಣ್ಣು ಮುಚ್ಚಿ ಕೇಳಿಸ್ಕೊಂಡೆ. "ನಿನ್ನ ಬೆನ್ನು ಏನೋ ಬೇರೆಯವರ ಬೆನ್ನಿನ ಹಾಗಿದೆಯಲ್ಲೋ" ಅಂದೆ. ಭುಜದಿಂದ ಶುರು ಮಾಡಿ ಕೆಳಗೆ ಬಂದೆ. ಹೊಲಿಗೆ ಹತ್ರ ಬಂದು ನಿಂತೆ. "ಇಲ್ಲಿ ಮುಟ್ಟಬಹುದಾ? ಡಾಕ್ಟ್ರನ್ನ ಕೇಳಿದೀಯಾ?" ಅಂದೆ. ಎರಡು ಸಲ ಕೇಳಿದೆ ಅಕ್ಕಾ ನೀನು, ನನಗೆ ಲೆಕ್ಕ ಇದೆ. ಎರಡು ಸಲವೂ ನಾನು ಹೂಂ ಅಂದೆ. ಆಮೇಲೆ ಎಡಗಡೆ ನಿನ್ನ ಹೆಬ್ಬೆರಳಿಗೆ ಅದು ಸಿಕ್ತು. "ಇಲ್ಲೊಂದು ಗಂಟಿದೆ ಕಣೋ. ಕಲ್ಲಿನ ಹಾಗಿದೆ. ಎಷ್ಟು ದಿನದ್ದೋ ಏನೋ" ಅಂದೆ. ನಾನು ಕಡ್ಡಿ ಪೈಲ್ವಾನ್, ಮೈಮೇಲೆ ಮಾಂಸ ಎಲ್ಲಿದೆ? ಅದು ಸ್ಕ್ರೂವಿನ ತಲೆ. ನನಗೆ ಗೊತ್ತಿತ್ತು. ದಿನಾ ಡಾಕ್ಟ್ರು ಕೊಟ್ಟ ಸೊಂಟದ ಬೆಲ್ಟು ಕಟ್ಟೋವಾಗ ನನ್ನ ಕೈಗೂ ಸಿಗ್ತಿತ್ತು. ಅದು ಗಂಟಲ್ಲ ಅಕ್ಕಾ, ಕಬ್ಬಿಣ ಅಂತ ಒಂದು ಮಾತು ಹೇಳಿದ್ರೆ ನೀನು ಅಲ್ಲಿಗೇ ಕೈ ತೆಗೀತಿದ್ದೆ. ನಾನು ಹೇಳಿದ್ದು, "ಅದೇ, ಅದೇ ನೋಡು, ಅಲ್ಲೇ ಒತ್ತು." ನೀನು ಮೈ ಬಿಡು ಅಂದೆ. ಬಿಡೋಕೆ ಏನಿತ್ತು ಅಲ್ಲಿ? ಹೆಬ್ಬೆರಳಿಗೆ ಬಿಡಲಿಲ್ಲ. ನೀನು ಮೊಣಕೈ ಇಟ್ಟೆ.

ಆ ಸದ್ದು ನಿನಗೂ ಕೇಳಿಸಿತ್ತು, ಗೊತ್ತು. ಅದರ ಬಗ್ಗೆ ಮಾತಾಡಲ್ಲ. ಕಾಲಿನುದ್ದಕ್ಕೂ ಕರೆಂಟ್ ಹೊಡೆದ ಹಾಗಾಯ್ತು, ಆಮೇಲೆ ಪಾದ ಎಲ್ಲಿದೆ ಅಂತಾನೇ ತಿಳಿಯಲಿಲ್ಲ. ಸ್ಟ್ರೆಚರ್ ತಂದವರು ನಮ್ಮ ಬಿಲ್ಡಿಂಗಿನ ಲಿಫ್ಟಿಗೆ ಅದನ್ನ ತೂರಿಸೋಕೆ ನೋಡ್ತಾರೆ, ಹಿಡಿಸ್ತಾ ಇಲ್ಲ. ನಾನೇ ಸರ್ವಿಸ್ ಮಾಡಿದ ಲಿಫ್ಟು! ಮೂರೂವರೆ ಅಡಿ ಆಳ, ಮಲಗಿದವನು ಹಿಡಿಸಲ್ಲ ಕಣ್ರಪ್ಪಾ ಅಂತ ಆ ನೋವಲ್ಲೂ ನಾನೇ ಹೇಳ್ಬೇಕಾಯ್ತು. ನಾಲ್ಕು ಮಹಡಿ ಮೆಟ್ಟಿಲಲ್ಲಿ ಹೊತ್ಕೊಂಡು ಇಳಿದ್ರು. ನೀನು ಎಣ್ಣೆ ಕೈಯಲ್ಲೇ ಕಂಬಿ ಹಿಡಿದು ಹಿಂದೆ ಬರ್ತಿದ್ದೆ, ಕೈ ಜಾರ್ತಿತ್ತು.

ಆಸ್ಪತ್ರೆ ಕಾರಿಡಾರಲ್ಲಿ ಇವಳು ನಿನಗೆ ಅಂದಿದ್ದು ಸ್ಟ್ರೆಚರ್ ಮೇಲಿದ್ದ ನನಗೆ ಪೂರ್ತಿ ಕೇಳಿಸ್ತು. ನನ್ನ ಹೆಂಡ್ತಿ ಕೆಟ್ಟವಳಲ್ಲ, ನಿನಗೂ ಗೊತ್ತು, ಹತ್ತೊಂಬತ್ತು ವರ್ಷ ಅತ್ತಿಗೆ ಅತ್ತಿಗೆ ಅಂತ ನಿನ್ನ ಸೆರಗು ಹಿಡಿದು ಓಡಾಡಿದವಳು. ಆ ಹೊತ್ತಿಗೆ ಅವಳ ಬಾಯಲ್ಲಿ ಬಂದಿದ್ದು, "ಅತ್ತಿಗೆ, ನಿಮ್ಮ ಕೈ ಬಿದ್ದು ಹೋಗ! ಸಾಕಿದ ಕೈಯಲ್ಲೇ ಸಾಯಿಸಿದ್ರಲ್ಲ!" ನೀನು ಎರಡೂ ಕೈಯನ್ನ ಒಂದು ಸಲ ತಿರುಗಿಸಿ ನೋಡ್ಕೊಂಡೆ. ನಾನು ಬಾಯಿ ಬಿಟ್ಟಿದ್ರೆ ಅವತ್ತೇ ಮುಗೀತಿತ್ತು. ಅಕ್ಕ ಕೇಳಿದ್ಳು, ನಾನೇ ಸುಳ್ಳು ಹೇಳಿದೆ ಅಂತ ಒಂದು ಮಾತು. ನೋವಿನ ಇಂಜೆಕ್ಷನ್ ಕೊಟ್ಟಿದ್ರು, ನಾಲಿಗೆ ಹೊರಳ್ತಿರಲಿಲ್ಲ ಅಂತ ನನಗೆ ನಾನೇ ಎಷ್ಟೋ ಸಲ ಹೇಳ್ಕೊಂಡಿದೀನಿ. ಆದ್ರೆ ಲಿಫ್ಟಿನ ಅಳತೆ ಹೇಳೋಕೆ ಹೊರಳಿತ್ತಲ್ಲ ಇದೇ ನಾಲಿಗೆ. ಅವತ್ತು ರಾತ್ರಿನೇ ನರದ ಮೇಲೆ ಬಿದ್ದಿದ್ದ ಭಾರ ತೆಗೆದು ಹೊಲಿದು ಮಲಗಿಸಿದ್ರು. ದೊಡ್ಡ ಆಪರೇಷನ್ ಆಮೇಲೆ ಅಂದ್ರು, ಅದಕ್ಕೆ ಈಗ ತಾರೀಖು ಸಿಕ್ಕಿದೆ. ಎಚ್ಚರ ಆಗಿ ನೋಡಿದ್ರೆ ನೀನಿರಲಿಲ್ಲ.

ಇದೇ ಅಕ್ಕಾ ಹೇಳ್ಬೇಕಾಗಿದ್ದು. ನೀನು ನಿನ್ನ ಕೆಲಸದಲ್ಲಿ ತಪ್ಪಲಿಲ್ಲ. ಕೇಳಬೇಕಾಗಿದ್ದನ್ನ ಕೇಳಿದೆ. ಉತ್ತರ ಕೊಟ್ಟವನು ಸುಳ್ಳ. ನೀನು ಸೆಂಟರಿಗೆ ವಾಪಸ್ ಹೋಗು. ಯಜಮಾನ್ತಿ ನಿನ್ನ ರೂಮನ್ನ ಇನ್ನೂ ಯಾರಿಗೂ ಕೊಟ್ಟಿಲ್ಲ, ಮಂಚದ ಮೇಲೆ ಹಳೇ ಟವೆಲುಗಳನ್ನ ಪೇರಿಸಿಟ್ಟಿದಾರಂತೆ ಅಷ್ಟೇ. ನನ್ನ ಕಾಲಿಗೋಸ್ಕರ ನೀನು ಕೈ ಕಳ್ಕೋಬೇಡ. ಶುಕ್ರವಾರ ಏನಾದ್ರೂ ಹೆಚ್ಚುಕಮ್ಮಿ ಆದ್ರೂ ಅಷ್ಟೇ, ಅದು ನಿನ್ನ ತಲೆಗೆ ಬರೋದಲ್ಲ. ಬರ್ತೀಯೋ ಬರಲ್ವೋ ನಿನ್ನಿಷ್ಟ. ಬಂದ್ರೆ ಏಳು ಗಂಟೆಗೆ ಮುಂಚೆ ಬಾ, ಆಮೇಲೆ ಒಳಗೆ ಬಿಡಲ್ಲ. ಬರದಿದ್ರೆ ಬಿಸಿ ರೋಲರ್ ಹತ್ರ ಹುಷಾರು, ನೀನು ಬೇರೇನೋ ಯೋಚನೆ ಮಾಡ್ತಾ ಕೆಲಸ ಮಾಡೋಳು. ಹೊತ್ತಿಗೆ ಸರಿಯಾಗಿ ಊಟ ಮಾಡು. ಮಂಡಿಗೆ ಬಿಸಿ ಶಾಖ ಕೊಟ್ಕೋ. ವಯಸ್ಸಲ್ಲಿ ದೊಡ್ಡವಳಿಗೆ ನಾನು ಆಶೀರ್ವಾದ ಮಾಡೋ ಹಾಗಿಲ್ಲ, ಬಗ್ಗಿ ಕಾಲು ಮುಟ್ಟೋಕೂ ಈ ಬೆನ್ನು ಬಿಡಲ್ಲ. ಮಲಗಿದಲ್ಲಿಂದಲೇ ಕೈ ಮುಗಿದಿದೀನಿ, ನೋಡಿದೆ ಅಂದ್ಕೋ.

ನಿನ್ನ ತಮ್ಮ,
ಕಡ್ಡಿ

ಅಕ್ಕಾ, ಇನ್ನೊಂದು. ಮೇಲಿನದು ಮುಗಿಸಿ ಕಾಲು ಗಂಟೆ ಆಯ್ತು, ಇನ್ನೂ ಕಳಿಸಿಲ್ಲ. ಇವಳು ಅಡಿಗೆಮನೇಲಿ ಪಾತ್ರೆ ತೊಳೀತಾ ಇದಾಳೆ, ಬೇಗ ಹೇಳಿಬಿಡ್ತೀನಿ. ಅರ್ಧ ಮಾತು ಹೇಳೋ ಚಾಳಿ ಇನ್ನೂ ಹೋಗಿಲ್ಲ ನನಗೆ, ಇವತ್ತೂ ಅರ್ಧವೇ ಹೇಳಿದ್ದು. ನಾನು ಸಿಗರೇಟು ಬಿಟ್ಟಿರಲಿಲ್ಲ. ಮೊದಲನೇ ಆಪರೇಷನ್ನಿನ ಹಿಂದಿನ ದಿನ ಪ್ಯಾಕೆಟ್ಟನ್ನ ಇವಳ ಕೈಗೆ ಕೊಟ್ಟು, ಇನ್ನು ಮುಟ್ಟಲ್ಲ ಅಂದಿದ್ದೆನಲ್ಲ, ನೀನೂ ಅಲ್ಲೇ ನಿಂತು ನಕ್ಕಿದ್ದೆ. ಸೇದಿದ್ರೆ ಮೂಳೆ ಬೆಸೆಯಲ್ಲ, ಒಂದೂ ಸೇದ್ಬೇಡಿ ಅಂತ ಡಾಕ್ಟ್ರು ಕೈ ಹಿಡಿದು ಹೇಳಿದ್ರು. ದಿನಾ ಇಪ್ಪತ್ತು ನಿಮಿಷ ನಡೀಬೇಕು ಅಂದಿದ್ರಲ್ಲ, ನಾನು ಬೆಲ್ಟು ಕಟ್ಕೊಂಡು ಹೊರಟ್ರೆ ಇವಳು ಬಾಲ್ಕನೀಲಿ ನಿಂತು ಖುಷಿಪಡ್ತಿದ್ಳು. ಮೂಲೆ ತಿರುಗಿದ ಮೇಲೆ ಟ್ರಾನ್ಸ್‌ಫಾರ್ಮರ್ ಹಿಂದೆ ನಿಂತು ಮೂರು ಸೇದಿ ವಾಪಸ್ ಬರ್ತಿದ್ದೆ. ಮೂಳೆ ಕೂಡಲೇ ಇಲ್ಲ ಅಕ್ಕಾ, ಒಂದು ಎಳೆಯೂ ಇಲ್ಲ. ಅದಕ್ಕೇ ಮೂರನೇ ತಿಂಗಳಿಂದ ಕಿರುಗುಟ್ಟಿದ್ದು, ಅದಕ್ಕೇ ಡಾಕ್ಟ್ರ ಹತ್ರ ಹೋಗದೆ ನಿನ್ನ ಹತ್ರ ಬಂದಿದ್ದು. ಹೋಗಿದ್ರೆ ಸಿಗರೇಟಿನ ಮಾತು ಬರ್ತಿತ್ತು. ನೀನು ಹೋದ ಐದನೇ ದಿನ ಡಾಕ್ಟ್ರು ಫಿಲ್ಮ್ ತೋರಿಸಿ ಹೇಳಿದ್ರು, ಸ್ಕ್ರೂ ತಿಂಗಳುಗಟ್ಟಲೆಯಿಂದ ಸಡಿಲ ಆಗ್ತಾ ಬಂದಿತ್ತು, ರಾಡು ಸವೆದು ಬಿರುಕು ಬಿಟ್ಟಿತ್ತು, ಒತ್ತದೇ ಇದ್ದಿದ್ರೂ ಒಂದು ದಿನ ಮಂಚದಿಂದ ಏಳೋವಾಗ ಮುರೀತಿತ್ತು ಅಂತ. ಇವಳಿಗೆ ಹೇಳ್ಬೇಡಿ ಅಂತ ಕೈ ಮುಗಿದೆ. ಅಲ್ಲಿಂದ ಎಂಟು ತಿಂಗಳು. ತಾರೀಖು ಸಿಗ್ತಿಲ್ಲ ಅಂತ ಮನೇಲಿ ಹೇಳ್ತಿದ್ದೆ, ಅದೂ ಸುಳ್ಳು. ಸಿಗರೇಟು ಪೂರ್ತಿ ಬಿಟ್ಟು, ರಕ್ತದಲ್ಲಿ ಅದರ ಅಂಶ ಇಲ್ಲ ಅನ್ನೋ ಟೆಸ್ಟ್ ಪಾಸಾಗೋ ತನಕ ಕೊಯ್ಯಲ್ಲ ಅಂದಿದ್ರು, ಎರಡು ಸಲ ಫೇಲಾದೆ. ಎಲ್ಲರೂ ಅಕ್ಕನ ಕೈ, ಅಕ್ಕನ ಕೈ ಅಂದ್ರು. ಕೈ ಕೊಟ್ಟವನು ನಾನು.

ಇದನ್ನ ನಿನಗೆ ಕಳಿಸಿ, ಇದನ್ನೇ ಇವಳಿಗೂ ಕಳಿಸ್ತೀನಿ. ಎದುರಿಗೆ ನಿಂತು ಹೇಳೋ ಮುಖ ನನಗಿಲ್ಲ.

ಕಳಿಸ್ದೆ ಅಕ್ಕಾ, ಇಬ್ಬರಿಗೂ. ಅಡಿಗೆಮನೇಲಿ ಇವಳ ಫೋನಲ್ಲಿ ನನ್ನ ದನಿ ಶುರುವಾಗಿದೆ, ನಿನ್ನ ಮಂಡಿ ಹೇಗಿದೆ ಅಂತ ಕೇಳ್ತಾ ಇದೀನಿ. ನಲ್ಲಿ ನಿಲ್ಲಿಸಿದಳು.